ಒಂಟಿಕೊಂಬಿನ ಕೋಯಿಲು

ಶಿವಶಂಕರನ ವಿಸಿಟಿಂಗ್ ಕಾರ್ಡಿನಲ್ಲಿ ‘ಸೈಟ್ ಇಂಜಿನಿಯರ್’ ಎಂದಿತ್ತು. ಕಾರ್ಡು ಅಚ್ಚು ಹಾಕಿಸಿದವನೂ ಅವನೇ, ಆ ಪದವಿಯನ್ನು ಕೊಟ್ಟುಕೊಂಡವನೂ ಅವನೇ. ಕೊಳ್ಳೇಗಾಲದ ಕಂಟ್ರಾಕ್ಟರ್ ಉದಯಕುಮಾರ್ ಅವನನ್ನು ಎಲ್ಲೆಡೆ ‘ನಮ್ಮುಡುಗ’ ಎಂದೇ ಪರಿಚಯಿಸುತ್ತಿದ್ದರು. ಹುಡುಗನಿಗೆ ಆಗಲೇ ನೆತ್ತಿ ಬಯಲಾಗತೊಡಗಿತ್ತು.

ರಾಮಾಪುರದ ಬಸ್ ಸ್ಟಾಪಿನ ಹಿಂದಿನ ಬೀದಿಯಲ್ಲಿ ಹುಟ್ಟಿ, ಸಿವಿಲ್ ಡಿಪ್ಲೊಮಾವನ್ನು ಒಂದೊಂದು ಸಬ್ಜೆಕ್ಟಿಗೂ ಎರಡೆರಡು ಸಲ ನಮಸ್ಕಾರ ಹಾಕಿ ಮುಗಿಸಿದವನು ಅವನು. ಕೆಲಸಕ್ಕೆ ಸೇರಿದ ಮೇಲೆ ಕಟ್ಟಿಸಿದ್ದೆಲ್ಲ ಜನ ಬೆನ್ನು ತಿರುಗಿಸಿ ನಿಲ್ಲುವಂಥ ಕಟ್ಟಡಗಳೇ. ಹನೂರಿನಲ್ಲಿ ಒಂದು ಕಾಂಪೌಂಡು, ಯಳಂದೂರಿನ ಕಡೆ ಚರಂಡಿ, ಯಾವುದೋ ಶಾಲೆಯ ಹಿಂದೆ ಶೌಚಾಲಯ. ಮುಖ ಕೊಟ್ಟು ನೋಡುವಂಥದ್ದು ಎಂದರೆ ಒಂದು ಬಸ್ ತಂಗುದಾಣ. ಅದರ ಬಣ್ಣ ಒಣಗುವ ಮೊದಲೇ ರಸ್ತೆ ಅಗಲ ಮಾಡುವವರು ಬಂದು ಉರುಳಿಸಿಹೋದರು. ಬಿದ್ದ ಇಟ್ಟಿಗೆಯ ಮುಂದೆ ನಿಂತು ಅವನೇ ನಕ್ಕಿದ್ದ. ಆದರೆ ಒಳಗೊಂದು ಆಸೆ ಮಾತ್ರ ಬೆಳೆಯುತ್ತಲೇ ಇತ್ತು: ದೂರದಿಂದ ಕಾಣುವಂಥದ್ದು, ಜನ ತಲೆಯೆತ್ತಿ ನೋಡುವಂಥದ್ದು ಏನಾದರೊಂದನ್ನು ಕಟ್ಟಬೇಕು.

ಹಾಗಾಗಿ ಸೂಸೈಪಾಳ್ಯದ ಚರ್ಚಿನ ಕೆಲಸ ಸಿಕ್ಕಿದಾಗ ಅವನು ಹೊಸ ಶರಟು ಹೊಲಿಸಿಕೊಂಡ.

ಸೂಸೈಪಾಳ್ಯ ರಾಮಾಪುರದಿಂದ ಕಾಡಂಚಿಗೆ ಹೋಗುವ ದಾರಿಯಲ್ಲಿದೆ. ಮನೆಯೊಳಗೆ ತಮಿಳು, ಸಂತೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಎಂಬಂಥ ಊರು. ಪಕ್ಕದಲ್ಲೇ ಎಲಚಿದೊಡ್ಡಿ, ಅಲ್ಲಿಯವರು ಮಾದಪ್ಪನ ಒಕ್ಕಲು. ಎರಡರ ನಡುವೆ, ಹುಣಸೆಮರಗಳ ಗುಂಪಿನಲ್ಲಿ, ಚರ್ಚು. ಅದಕ್ಕೆ ಸಂತ ಸೂಸೈಯಪ್ಪರ ದೇವಾಲಯ ಎಂದು ಬೋರ್ಡಿದ್ದರೂ ಸುತ್ತಲ ಊರಿನವರು ಕರೆಯುತ್ತಿದ್ದದ್ದು ಒಂಟಿಕೊಂಬಿನ ಕೋಯಿಲು ಎಂದೇ; ಕೋಯಿಲು ಎಂದರೆ ತಮಿಳಿನಲ್ಲಿ ಗುಡಿ. ಮುಂಬಾಗಿಲಿನ ಎಡಕ್ಕೆ ಗಂಟೆಯ ಗೋಪುರ ಹುಣಸೆಮರಗಳನ್ನು ಮೀರಿ ನಿಂತಿತ್ತು. ಬಲಕ್ಕೂ ಅಂಥದ್ದೇ ಒಂದರ ಬುಡವಿತ್ತು. ಅದು ಬಾಗಿಲ ನೆತ್ತಿಯ ಮಟ್ಟಕ್ಕೆ ಬಂದು, ಕಟ್ಟುತ್ತಿದ್ದವರು ಯಾರೋ ಕರೆದರೆಂದು ಎದ್ದುಹೋದ ಹಾಗೆ, ಅಲ್ಲಿಗೇ ನಿಂತುಬಿಟ್ಟಿತ್ತು.

ಯಾಕೆ ನಿಂತಿತು ಎಂದು ಕೇಳಿದರೆ ಊರಿನಲ್ಲಿ ಬಾಯಿಗೊಂದು ಕತೆ. ಗಂಟೆ ಹೊಡೆಯುವ ಸವರಿಯಪ್ಪನ ಪ್ರಕಾರ ಮೇಸ್ತ್ರಿ ಅಂದಿನ ಪಾದ್ರಿಯ ಕುದುರೆ ಹತ್ತಿಕೊಂಡು ಸತ್ಯಮಂಗಲದ ಕಡೆ ಓಡಿಹೋದ.

“ಕುದುರೆ ಯಾಕೆ?” ಎಂದ ಶಿವಶಂಕರ.

“ನಡ್ಕೊಂಡು ಓಡಕ್ಕಾಯ್ತದಾ ತಂಬಿ?”

ಕಾರಣ ಏನೇ ಇರಲಿ, ಊರಿಗೆ ಅದು ಹಳೇ ಅವಮಾನ. ಹಬ್ಬದ ದಿನ ಬೇರೆ ಊರಿನ ಸಭೆಯವರು ಬಂದರೆ ಊಟ ಮಾಡಿ ಕೈ ತೊಳೆಯುತ್ತಾ, “ಏನಪ್ಪಾ, ನಿಮ್ಮ ಕೋಯಿಲಿಗೆ ಇನ್ನೊಂದು ಕೊಂಬು ಮೂಡ್ಲಿಲ್ವಾ?” ಎನ್ನುವುದು ವಾಡಿಕೆ. ಈಗ ಕಮಿಟಿಯ ಅಧ್ಯಕ್ಷ ಅರುಳಪ್ಪ ಹಟ ಹಿಡಿದು, ಎರಡನೆಯ ಗೋಪುರ ಎಬ್ಬಿಸಿಯೇ ಸಿದ್ಧ ಎಂದು ಉದಯಕುಮಾರರಿಗೆ ಕೆಲಸ ಒಪ್ಪಿಸಿದ್ದರು.

ತೊಡಕಿದ್ದದ್ದು ಕಲ್ಲಿನದು. ಕ್ವಾರಿಯ ಹೊಸ ಕಲ್ಲು ಹಳೆಯದರ ಪಕ್ಕದಲ್ಲಿ ಕಟ್ಟಿಸಿದ ಹಲ್ಲಿನಂತೆ ಕಾಣುತ್ತಿತ್ತು. ಆಗ ನಮ್ಮ ಸೈಟ್ ಇಂಜಿನಿಯರನ ತಲೆ ಓಡಿತು. ಚರ್ಚಿನ ಹಿಂದೆ, ಎಲಚಿದೊಡ್ಡಿಗೆ ಹೋಗುವ ಕಾಲುದಾರಿಯಲ್ಲಿ, ಚರ್ಚಿನ ಜಾಗದಲ್ಲೇ ಒಂದು ಚೌಕದ ಮೆಟ್ಟಿಲಬಾವಿಯಿತ್ತು. ಬೋರ್‌ವೆಲ್ ಬಂದ ಮೇಲೆ ಯಾರೂ ಅದರ ನೀರು ಸೇದುತ್ತಿರಲಿಲ್ಲ. ಒಳಗೆಲ್ಲ ಕಡಿದು ಹಸನು ಮಾಡಿದ ಕಲ್ಲು; ಬಣ್ಣವೂ ಗೋಪುರದ್ದೇ.

“ಸಾರ್, ಕಲ್ಲಿಗೆ ಕಲ್ಲು ಆಯ್ತು, ಪಾಳುಬಾವಿ ಮುಚ್ಚಿದಂಗೂ ಆಯ್ತು,” ಎಂದ.

ಉದಯಕುಮಾರ್ ಅವನ ಬೆನ್ನು ತಟ್ಟಿದರು. ಕೆಲಸಕ್ಕೆ ಸೇರಿದ ಮೇಲೆ ಅದೇ ಮೊದಲು. ಕಮಿಟಿಯೂ ಒಪ್ಪಿತು. ಭಾನುವಾರದ ಪೂಜೆ ಮುಗಿದ ಮಾರನೆಯ ದಿನ ಜೆಸಿಬಿ ಬರುವುದೆಂದು ನಿಗದಿಯಾಯಿತು.

ಅಷ್ಟರಲ್ಲಿ ಹಳೆಯ ಗೋಪುರದ ಅಳತೆ ತೆಗೆದಿಡಬೇಕಿತ್ತು. ಜೋಡಿಯಲ್ಲವೇ, ಒಂದರಂತೆ ಇನ್ನೊಂದಿರಬೇಕು. ಟೇಪು ಹಿಡಿದು ಒಳಗೆ ಹೋದ ಶಿವಶಂಕರ ಬೇಗ ಮುಗಿಸಿ ಕೊಳ್ಳೇಗಾಲಕ್ಕೆ ಮರಳುವ ಅಂದಾಜಿನಲ್ಲಿದ್ದ. ಆದರೆ ಹೊಸ್ತಿಲು ದಾಟುತ್ತಲೇ ಹೊರಗಿನ ಬಿಸಿಲು ಯಾರೋ ಹೊದಿಕೆ ಎಳೆದುಕೊಂಡಂತೆ ಕಳಚಿಹೋಯಿತು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ಒಬ್ಬಾಳು ಮಲಗಬಹುದು. (ಮಧ್ಯಾಹ್ನ ಸವರಿಯಪ್ಪ ಅಲ್ಲೇ ಮಲಗುತ್ತಿದ್ದ.) ಬಣ್ಣದ ಗಾಜಿನಿಂದ ಕೆಂಪು, ನೀಲಿ ಬೆಳಕು ಕರಿಕಲ್ಲಿನ ನೆಲಕ್ಕೆ ಬಿದ್ದಿತ್ತು. ಜನ ಮೊಣಕಾಲೂರಿದ ಕಡೆ ಆ ನೆಲ ಸವೆದು ಒರಳಿನ ಅಂಚಿನಂತೆ ನುಣುಪಾಗಿತ್ತು.

ಅವನನ್ನು ನಿಲ್ಲಿಸಿದ್ದು ಕಂಬಗಳು. ಕೆಳಗೆ ಚೌಕ, ನಡುವೆ ಎಂಟು ಮುಖ, ಮತ್ತೆ ಚೌಕ. ಮೇಲೆ ತೊಲೆ ಹೊರುವ ಜಾಗದಲ್ಲಿ ಕೆಳಮುಖವಾಗಿ ಇಳಿಬಿದ್ದ ಬಾಳೆಮೊಗ್ಗು. ಇಂಥ ಕಂಬಕ್ಕೆ ಒರಗಿಕೊಂಡೇ ಅವನು ಚಿಕ್ಕಂದಿನಲ್ಲಿ ದೇವಸ್ಥಾನಗಳಲ್ಲಿ ಪುಳಿಯೋಗರೆ ತಿಂದಿದ್ದ. ಕಟ್ಟಿದವರಿಗೆ ಗೊತ್ತಿದ್ದದ್ದು ಗುಡಿ ಕಟ್ಟುವ ಕೆಲಸ. ಕಟ್ಟಿ ಎಂದದ್ದು ಇಗರ್ಜಿ. ಗೊತ್ತಿದ್ದದ್ದನ್ನೇ ಒಂದಿಷ್ಟು ಬಾಗಿಸಿ ಕೊಟ್ಟಿದ್ದರು. ಹೊರಗೆ ಸೂರಿನ ನೀರು ಬೀಳುವ ಕಲ್ಲಿನ ದೋಣಿಗೆ ದೇವಸ್ಥಾನದಲ್ಲಾದರೆ ಗೋಮುಖ ಇರುತ್ತದೆ. ಇಲ್ಲಿ ಮೀನಿನ ಬಾಯಿ. ಬೆಸ್ತರ ಕೇರಿಯನ್ನೇ ಕಾಣದ ಕಲ್ಲುಕುಟಿಗ ಮೀನಿಗೆ ರೆಪ್ಪೆ ಕೆತ್ತಿದ್ದ.

ಡಿಪ್ಲೊಮಾದಲ್ಲಿ ಕಟ್ಟಡ ಎಂದರೆ ಸಿಮೆಂಟು ಎಷ್ಟು, ಕಬ್ಬಿಣ ಎಷ್ಟು ಎಂಬ ಲೆಕ್ಕ. ನೋಡುವುದು ಎಂಬ ಸಬ್ಜೆಕ್ಟು ಇರಲಿಲ್ಲ. ಇದ್ದಿದ್ದರೆ ಅದರಲ್ಲೂ ಫೇಲಾಗುತ್ತಿದ್ದೆ ಎಂದುಕೊಂಡ. ಆದರೂ ಮರುದಿನವೂ ಬಂದ, ಅದರ ಮರುದಿನವೂ ಬಂದ. ಅಳತೆ ಮುಗಿದಿರಲಿಲ್ಲ ಎಂದು ಆಫೀಸಿಗೆ ಹೇಳಿದ. ಅಳತೆ ಎಂದೋ ಮುಗಿದಿತ್ತು.

ಗೋಪುರದ ಮೇಲಿನ ಕಿಟಕಿಯಂತೂ ಅವನಿಗೆ ಬಾಯಿಪಾಠವೇ ಆಯಿತು. ಕೈಮುಗಿದಂತೆ ಮೇಲೆ ಚೂಪಾಗಿ ಕೂಡುವ ಕಮಾನು. ಎರಡೂ ಕಡೆಯ ಕಲ್ಲು ಕೂಡುವ ತುದಿಯಲ್ಲಿ ತಲೆಕೆಳಗಾದ ಒಂದು ತಾವರೆ ಮೊಗ್ಗು. ಕಮಾನಿನ ಹೊರಗಡೆ, ಸುರಿದ ಮಳೆ ಕಿಟಕಿಯೊಳಗೆ ಇಳಿಯದೆ ಆಚೆ ತೊಟ್ಟಿಕ್ಕಲೆಂದು ಹುಬ್ಬಿನಂಥ ಒಂದು ಅಂಚು. ಅದರ ಅಡಿಯಲ್ಲಿ ಸಣ್ಣ ಗೀರು.

ಅಲ್ಲಿಂದ ಕೆಳಗೆ ನೋಡಿದಾಗ ಬಲಬದಿಯ ಮೊಂಡು ಬುಡದ ನೆತ್ತಿ ಕಾಣುತ್ತಿತ್ತು. ಹತ್ತಿರದಿಂದ ನೋಡಲು ಏಣಿ ಹಾಕಿಸಿಕೊಂಡು ಹತ್ತಿದ. ಹುಲ್ಲು ಕಿತ್ತ ಕಡೆ ಹಳೆಯ ಗಾರೆಯ ಹಾಸು. ಗಾರೆಯಲ್ಲಿ ಕಲ್ಲುಗಳ ಅಚ್ಚು, ಬೆಲ್ಲ ತೆಗೆದ ಮೇಲೆ ಉಳಿದ ಅಚ್ಚಿನ ಹಾಗೆ. ಎಂದರೆ ಇಲ್ಲಿಂದ ಮೇಲೆಯೂ ಒಂದು ಕಾಲಕ್ಕೆ ಗೋಡೆ ಇತ್ತು. ಕಟ್ಟುತ್ತಾ ನಿಂತ ಗೋಪುರವಲ್ಲ ಇದು. ಕಟ್ಟಿ, ಆಮೇಲೆ ಇಳಿಸಿದ ಗೋಪುರ.

“ಯಾರೋ ಕಲ್ಲು ಹೊಡ್ಕೊಂಡೋಗವ್ರೆ,” ಎಂದು ಸವರಿಯಪ್ಪನಿಗೆ ಹೇಳಿದ.

“ಅದೇ ನಾನೇಳಿದ್ದು. ಆ ಮೇಸ್ತ್ರಿನೇ!”

“ಕುದುರೆ ಮೇಲೆ?”

ಸವರಿಯಪ್ಪ ಆ ಪ್ರಶ್ನೆಗೆ ಬೀಡಿ ಹಚ್ಚಿಕೊಂಡ.

ಶನಿವಾರ ಬೆಳಿಗ್ಗೆ ಬಾವಿಯ ಕಲ್ಲು ಎಷ್ಟು ಸಿಗುತ್ತದೆಂದು ನೋಡಲು ಶಿವಶಂಕರ ಮೆಟ್ಟಿಲಿಳಿದ. ಆ ಬೇಸಿಗೆ ನೀರು ಬಹಳ ಕೆಳಗೆ ಹೋಗಿತ್ತು. ಎದುರು ಗೋಡೆಯ ತುಂಬ ಜರೀಗಿಡ, ಬೇರು ಬಿಟ್ಟ ಅರಳಿಸಸಿ. ಅವನು ಪೆನ್ಸಿಲು ಕಚ್ಚಿಕೊಂಡು ನಿಂತಿದ್ದಾಗ ಮೇಲಿನಿಂದ ಹೆಂಗಸಿನ ದನಿ ಬಂತು.

“ಯಾರಪ್ಪಾ ಅದು ಕೆಳ್ಗೆ? ಚಪ್ಲಿ ಆಕಂಡಿದ್ಯಾ?”

ದೊಡ್ಡಿಯ ಪುಟ್ಟಮಾದಮ್ಮ. ಕೈಯಲ್ಲಿ ಹಣ್ಣುಕಾಯಿಯ ತಟ್ಟೆ. ಹಿಂದೆ ಸೊಸೆ ಆಶಾರಾಣಿ, ತಲೆಗೆ ಬಟ್ಟೆ ಸುತ್ತಿಕೊಂಡು, ಮಗುವನ್ನು ಎದೆಗವಚಿಕೊಂಡು. ಬಾಣಂತಿ ಮನೆಯಿಂದ ಹೊರಗೆ ಕಾಲಿಟ್ಟ ಮೊದಲ ದಿನ ಗಂಗೆಪೂಜೆ ಮಾಡಬೇಕು. ಅದಾಗುವವರೆಗೆ ನೀರು ಮುಟ್ಟುವಂತಿಲ್ಲ. ಬೋರ್‌ವೆಲ್ಲಿನ ನಲ್ಲಿಗೆ ಕುಂಕುಮ ಹಚ್ಚುವುದು ಹೇಗೆ? ಅದಕ್ಕೇ ಎಲ್ಲರೂ ಇಲ್ಲಿಗೇ ಬರುತ್ತಿದ್ದರು.

ಶಿವಶಂಕರ ಚಪ್ಪಲಿ ಕೈಗೆತ್ತಿಕೊಂಡ. “ಈ ಬಾವಿ ಯಾರೂ ಬಳಸಲ್ಲ ಅಂದ್ರಲ್ಲ ಅಮ್ಮ?”

“ಯಾರಂದೋರು? ಗಂಡಸ್ರಾ? ಅವ್ರೇನ್ ಮಕ್ಳ ಎರ್ತಾರಾ?” ಪುಟ್ಟಮಾದಮ್ಮ ಇಳಿಯುತ್ತಲೇ ಬೈದಳು. “ನಮ್ ದೊಡ್ಡಿಯೋರೂ ಬತ್ತಾರೆ, ಕೋಯಿಲಿನ್ ಹೆಣ್ಮಕ್ಳೂ ಬತ್ತಾರೆ. ಮೊದ್ಲು ಇಲ್ಲಿಗೆ ಬಂದು ಆಮೇಲೆ ಮಗಿನ್ ತಕಂಡು ಜ್ಞಾನಸ್ನಾನಕ್ಕೆ ಓಯ್ತಾರೆ. ಫಾದರ್‌ಗೆ ಮಾತ್ರ ಯೋಳ್ಬ್ಯಾಡ.”

ಅವಳು ಬದಿಯ ಕಲ್ಲಂಚಿನ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು, ಜರೀಗಿಡ ಸರಿಸಿ, ಗೋಡೆಯಲ್ಲಿದ್ದ ಗೂಡಿನೊಳಗೆ ದೀಪ ಇಟ್ಟಳು. ಗಂಗಮ್ಮನ ಗೂಡು ಎಂದಳು. ನೀರು ತುಂಬಿದ ದಿನಗಳಲ್ಲಿ ಅದರ ತುದಿ ಮಾತ್ರ ಕಾಣುತ್ತದಂತೆ. ಈ ಸಲ ಪೂರ್ತಿ ಹೊರಗೆ ಬಂದಿದೆ.

ದೀಪ ನಿಂತು ಉರಿದಾಗ ಶಿವಶಂಕರ ತಲೆಯೆತ್ತಿದ. ಗೂಡಿನ ನೆತ್ತಿಯಲ್ಲಿ ಕಲ್ಲುಗಳು ಕೈಮುಗಿದಂತೆ ಕೂಡಿದ್ದವು. ಕೂಡುವಲ್ಲಿ ತಲೆಕೆಳಗಾದ ತಾವರೆ ಮೊಗ್ಗು. ಕಮಾನಿನ ಮೇಲೆ ಹುಬ್ಬಿನಂಥ ಅಂಚು, ಅದರಡಿ ಸಣ್ಣ ಗೀರು.

ಬಾವಿಯೊಳಗೆ ಮಳೆನೀರನ್ನು ಆಚೆ ತೊಟ್ಟಿಕ್ಕಿಸುವ ಅಂಚು ಯಾರಿಗೆ ಬೇಕು?

ಅವನು ಗೋಡೆಯ ಉದ್ದಕ್ಕೂ ಕೈಯಾಡಿಸಿದ. ಕಲ್ಲಿನ ಬದಿಗಳಿಗೆ ಹಳೆಯ ಗಾರೆ ಇನ್ನೂ ಅಂಟಿಕೊಂಡಿತ್ತು. ಒಮ್ಮೆ ಒಂದು ಕಡೆ ಕೂತು, ಎದ್ದು ಬಂದ ಕಲ್ಲುಗಳು. ಗೋಪುರ ಎಲ್ಲಿಗೂ ಓಡಿಹೋಗಿರಲಿಲ್ಲ. ಮೇಲಕ್ಕೆ ಹೋದದ್ದನ್ನು ಇಳಿಸಿ, ಊರಿನವರು ಅದನ್ನು ಕೆಳಕ್ಕೆ ಕಟ್ಟಿದ್ದರು. ಕಿಟಕಿಯನ್ನು ಬಿಸಾಡಲು ಮನಸ್ಸಾಗದೆ ಅದನ್ನೂ ಕಿಟಕಿಯಾಗಿಯೇ ಕೂರಿಸಿದ್ದರು.

“ಯಾಕಪ್ಪಾ, ದೆವ್ವ ಕಂಡಂಗೆ ನಿಂತ್ಬುಟ್ಟೆ? ತಕೋ, ಬಾಳೆಣ್ಣು,” ಎಂದಳು ಪುಟ್ಟಮಾದಮ್ಮ.

ಅಂದು ಮಧ್ಯಾಹ್ನವೆಲ್ಲ ಶಿವಶಂಕರ ಚರ್ಚಿನ ಪಕ್ಕದ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಸೋಮವಾರ ಜೆಸಿಬಿ ಬರುತ್ತದೆ, ಗೋಪುರ ಏಳುತ್ತದೆ, ಅವನದೇ ಕೈಕೆಳಗೆ. ಮನಸ್ಸು ವಕೀಲಿಕೆಗೂ ಇಳಿಯಿತು: ಗೋಪುರಕ್ಕೆಂದು ಕಡಿದ ಕಲ್ಲು ಗೋಪುರಕ್ಕೇ ಮರಳಿದರೆ ಅದರಲ್ಲಿ ತಪ್ಪೇನು? ಒಳ್ಳೆಯ ವಾದವೇ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು. ಇಷ್ಟೆತ್ತರ ಏರಿಸಿದ ಮೇಲೆ, ಅಕ್ಕಪಕ್ಕದ ಊರು ನೋಡಿದ ಮೇಲೆ, ಒಂದೊಂದೇ ಕಲ್ಲನ್ನು ಹಗ್ಗ ಕಟ್ಟಿ ಇಳಿಸಿದ ಆ ಜನ. ಏನು ನೀರಡಿಕೆ ಬಂದಿತ್ತೋ, ಯಾರ ಮಕ್ಕಳು ಅತ್ತಿದ್ದರೋ, ಯಾರೂ ಬರೆದಿಟ್ಟಿಲ್ಲ. ಇಳಿಸುವುದು ಎಷ್ಟು ಕಷ್ಟ ಎನ್ನುವುದು ಏರಿಸಲು ಇಷ್ಟು ವರ್ಷ ಕಾದು ಕೂತವನಿಗೆ ಚೆನ್ನಾಗಿ ಗೊತ್ತಿತ್ತು.

ಬಾವಿ ಒಡೆಯಿರಿ ಎಂದ ಬುದ್ಧಿವಂತ ತಾನೇ ಎಂಬುದೂ ಗೊತ್ತಿತ್ತು. ಅವನ ಜೀವಮಾನದಲ್ಲಿ ಯಾರಾದರೂ ಮೆಚ್ಚಿದ ಐಡಿಯಾ ಅದೊಂದೇ.

ಉದಯಕುಮಾರರಿಗೆ ಫೋನ್ ಮಾಡಿದ.

“ಕಿಟಕಿನಾ?” ಎಂದರು ಅವರು. “ಬಾವೀಲಿ ಕಿಟಕಿ ಇದ್ರೆ ಇರ್ಲಿ ಬಿಡಯ್ಯ, ಗಾಳಿ ಆಡ್ಕೊಳ್ಳತ್ತೆ. ಸೋಮವಾರ ಗಾಡಿ ಬರ್ತದೆ.”

“ಸಾರ್, ಅದೇ ಆ ಗೋಪುರ. ಗೋಪುರ ಕಟ್ಟೋಕೆ ಗೋಪುರನೇ ಒಡ್ದಂಗಾಯ್ತದೆ.”

“ಲೇ ಶಿವ, ಬಿಸ್ಲು ಜಾಸ್ತಿ ಆಯ್ತೇನ್ಲಾ? ಮಜ್ಜಿಗೆ ಕುಡಿ.” ಫೋನಿಟ್ಟರು.

ಉಳಿದದ್ದು ಫಾದರ್. ಮೈಸೂರು ಕಡೆಯಿಂದ ಹೊಸದಾಗಿ ಬಂದ, ಶಿವಶಂಕರನಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದಾದ ವ್ಯಕ್ತಿ. ಎಲ್ಲ ಕೇಳಿ ಬಾವಿಗೆ ಬಂದರು, ಇಳಿದರು, ನೋಡಿದರು. ಗೂಡಿನಲ್ಲಿ ಆರಿದ್ದ ದೀಪವನ್ನೂ ನೋಡಿದರು. ಅದರ ಬಗ್ಗೆ ಏನೂ ಕೇಳಲಿಲ್ಲ. “ನಾಳೆ ಪೂಜೆ ಆದಮೇಲೆ ಕಮಿಟಿಗೆ ನೀವೇ ಹೇಳಿ,” ಎಂದರು.

“ನೀವೇ ಹೇಳಿದ್ರೆ ಕೇಳ್ತಾರೆ ಫಾದರ್.”

“ನಾನು ಹೇಳಿದರೆ ತಲೆಯಾಡಿಸ್ತಾರೆ,” ಎಂದು ಅವರು ನಕ್ಕರು. “ಅದು ಬೇರೆ.”

ಭಾನುವಾರ ಹುಣಸೆಮರದ ನೆರಳಲ್ಲಿ ಕಮಿಟಿ ಕೂತಿತು. ಕಮಿಟಿಯ ಸುತ್ತ ಊರು ಕೂತಿತು. ಶಿವಶಂಕರ ಎದ್ದು ನಿಂತು ಕಮಾನು, ಗಾರೆ, ಮಳೆಯಂಚು ಎಂದು ಏನೇನೋ ಶುರುಮಾಡಿ, ನಡುವೆ ‘ಸ್ಟ್ರಕ್ಚರ್’ ಎಂಬ ಪದವನ್ನು ಸಿಕ್ಕಸಿಕ್ಕಲ್ಲಿ ತುರುಕಿ, ಕೊನೆಗೆ ತನ್ನ ಬೆವರು ಒರೆಸಿಕೊಂಡ.

ಅರುಳಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. “ತಂಬಿ, ಗೋಪುರ ಕಟ್ಟಕ್ಕೆ ನಿಂಗೆ ಬರಾಕಿಲ್ಲ ಅಂದ್ರೆ ನೇರವಾಗಿ ಯೋಳು. ಬಾವಿ ಮೇಲೆ ಯಾಕಪ್ಪಾ ಆಕ್ತೀಯ?”

ನಗು ಎದ್ದಿತು. ಶಿವಶಂಕರನೂ ನಕ್ಕ, ಅದು ಅವನಿಗೆ ರೂಢಿ. ಆಮೇಲೆ, “ಅಯ್ಯಾ, ನಂಗೂ ಆ ಗೋಪುರ ಬೇಕು,” ಎಂದ. “ನಿಮಗಿಂತ ಒಂದು ಕೈ ಜಾಸ್ತಿನೇ ಬೇಕು. ಬೇಡ ಅನ್ನೋಕೆ ನಂಗೇನು ಸುಖ? ಒಂದ್ಸಲ ಬಂದು ನೋಡಿ ಅಷ್ಟೆ.”

ಯಾಕೋ ನಗು ನಿಂತಿತು.

ಎಲ್ಲರೂ ಬಾವಿಯ ಸುತ್ತ ನೆರೆದರು. ಸವರಿಯಪ್ಪ ಮನೆಯಿಂದ ಕನ್ನಡಿ ತಂದು ಬಿಸಿಲನ್ನು ಹಿಡಿದು ಬಾವಿಯೊಳಗೆ ಬಿಟ್ಟ. ಬಿದ್ದ ಬಿಂದಿಗೆ ಹುಡುಕುವವರು ಹಾಗೆ ಮಾಡುತ್ತಾರೆ. ಬೆಳಕಿನ ಚೌಕ ಗೋಡೆಯ ಮೇಲೆ ನಡುಗುತ್ತಾ ಹೋಗಿ ಕಮಾನಿನ ಮೇಲೆ ನಿಂತಿತು. ಅರುಳಪ್ಪ ತಮ್ಮ ಟವೆಲು ಹಿಡಿದು ಇಳಿದರು. ಕಿಟಕಿಯ ಅಗಲಕ್ಕೆ ಟವೆಲು ಹಿಡಿದು ಒಂದು ಗಂಟು ಹಾಕಿದರು, ಎತ್ತರಕ್ಕೆ ಇನ್ನೊಂದು. ಮೇಲೆ ಬಂದವರು ನೇರ ಗೋಪುರದ ಮೆಟ್ಟಿಲು ಹತ್ತತೊಡಗಿದರು. ಮೊಣಕಾಲು ನೋವಿನವರು. ಜನ ಕೆಳಗೆ ಕತ್ತೆತ್ತಿ ಕಾದರು.

ಎಷ್ಟೋ ಹೊತ್ತಿನ ಮೇಲೆ ಮೇಲಿನ ಕಿಟಕಿಯಲ್ಲಿ ಟವೆಲು ಕಾಣಿಸಿತು. ಅಡ್ಡಕ್ಕೆ ಹಿಡಿದರು. ಉದ್ದಕ್ಕೆ ಹಿಡಿದರು. ಕೂಗುತ್ತಾರೆಂದು ಎಲ್ಲರೂ ಕಾದರೆ ಅವರು ಕೂಗಲಿಲ್ಲ. ಅಲ್ಲೇ ಕಿಟಕಿಯ ಗೂಡಿನಲ್ಲಿ ಕೂತುಬಿಟ್ಟರು.

ಗಾಬರಿಯಾಗಿ ಮೊದಲು ಹತ್ತಿದವನು ಶಿವಶಂಕರ. ಅರುಳಪ್ಪ ಗಂಟು ಬಿಚ್ಚುತ್ತಾ ಕೂತಿದ್ದರು.

“ನಮ್ಮಪ್ಪ ಸಾಯೋಗಂಟ ನಾಚ್ಕೊಂಡಿದ್ದ ತಂಬಿ,” ಎಂದರು. “ಅರ್ಧಂಬರ್ಧ ಕೋಯಿಲಿನೋರು ಅಂತ. ಬೇರೆ ಊರಿನ ಹಬ್ಬಕ್ಕೇ ಓಯ್ತಿರ್ಲಿಲ್ಲ. ಆದ್ರೆ ದಿನಾ ಬೆಳಿಗ್ಗೆ ಆ ಬಾವೀಲೇ ಮುಖ ತೊಳೀತಿದ್ದ.”

ಪಾರಿವಾಳಗಳು ಗಂಟೆಯ ಸುತ್ತ ರೆಕ್ಕೆ ಬಡಿದು ಮತ್ತೆ ಕೂತವು.

ಕೆಳಗಿಳಿದ ಮೇಲೆ ಜಗಳ ಆಗದೆ ಇರಲಿಲ್ಲ. ಫೈಬರಿನದು ಒಂದು ಗೋಪುರ ತಂದಿಡೋಣ ಎಂದವರೂ ಇದ್ದರು. ಬೇರೆ ಊರಿನವರಿಗೆ ಏನು ಹೇಳುವುದು ಎಂದು ಒಬ್ಬ ಕೇಳಿದ.

“ಕರ್ಕೊಂಬಂದು ಬಗ್ಗಿ ನೋಡ್ರಯ್ಯಾ ಅಂತ ಯೋಳು,” ಎಂದರು ಅರುಳಪ್ಪ. “ಉಷಾರು, ಬಿದ್ಗಿದ್ದಾರು. ಗಾಡಿ ಬರಾದು ಬ್ಯಾಡ. ಬಾವಿ ಹೂಳು ತೆಗ್ಸಾನ.”

ಉದಯಕುಮಾರ್ ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಮುಂದಿನ ವಾರದಿಂದ ಯಳಂದೂರಿನ ಚರಂಡಿಗೇ ಹೋಗು ಎಂದದ್ದು ಅದರ ಸಭ್ಯ ಭಾಗ. ಅಲ್ಲಿಯವರೆಗೆ ಉಳಿದ ದಿನಗಳಲ್ಲಿ ಹೂಳು ತೆಗೆಯುವವರ ಜೊತೆ ಇರಬಹುದು, ಕಮಿಟಿ ಕೇಳಿದೆ, ಹಾಳಾಗಿ ಹೋಗು.

ಹೂಳಿನ ಜೊತೆಗೆ ಗೋಡೆಯ ಜರೀಗಿಡವನ್ನೂ ಕಿತ್ತಾಗ ಕಿಟಕಿಯ ಕೆಳಗಿನ ಹೊಸ್ತಿಲುಗಲ್ಲೂ ಕಾಣಿಸಿತು. ಅರಳಿಯ ಬೇರು ಕಮಾನಿನ ಒಂದು ಕಲ್ಲನ್ನು ಹೊರಕ್ಕೆ ತಳ್ಳಿತ್ತು; ಇನ್ನೊಂದು ಮಳೆಗಾಲ ತಡೆಯುವಂತಿರಲಿಲ್ಲ. ಸಿಮೆಂಟು ಬೇಡ ಎಂದ ಶಿವಶಂಕರ. ಸುಣ್ಣ ನೆನೆಹಾಕಿದರು, ಮರಳು ಜರಡಿ ಹಿಡಿದರು, ಪುಟ್ಟಮಾದಮ್ಮ ಯಾರೂ ಕೇಳದಿದ್ದರೂ ಬೆಲ್ಲ ತಂದು, ನಮ್ಮತ್ತೆ ಗಾರೆಗೆ ಬೆಲ್ಲ ಆಕ್ತಿದ್ರು ಎಂದು ವಾದ ಹೂಡಿ ಹಾಕಿಯೂಬಿಟ್ಟಳು. ಶಿವಶಂಕರ ನಡುವಿಗೆ ಹಗ್ಗ ಬಿಗಿದುಕೊಂಡು ಗೋಡೆಗೆ ನೇತುಬಿದ್ದ. ಹೊಸ ಶರಟು ಒಂದೇ ಗಳಿಗೆಯಲ್ಲಿ ಹಳೇದಾಯಿತು. ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅದರ ಜಾಗಕ್ಕೆ ಒತ್ತುತ್ತಿದ್ದಾಗ ಮೇಲಿನಿಂದ ಊರೇ ಉಸ್ತುವಾರಿಗೆ ನಿಂತಿತ್ತು: ಎಡಕ್ಕೆ, ಎಡಕ್ಕಲ್ಲ ಬಲಕ್ಕೆ, ಒಸಿ ಮೇಲೆ, ಅಯ್ಯೋ ಜಾಸ್ತಿ ಆಯ್ತು.

ಬಾವಿಕಟ್ಟೆಯ ಮೇಲಿಟ್ಟಿದ್ದ ಅವನ ಫೋನು ಬಡಿದುಕೊಂಡಿತು. ಸವರಿಯಪ್ಪ ಎತ್ತಿದ.

“ಅಲೋ? ... ಆಮಾ ಸಾ, ಅವ್ರುದೇ ಫೋನು. ... ಇಲ್ಲ ಸಾ, ಈಗ ಮಾತಾಡಕ್ಕಾಗಲ್ಲ. ಗೋಪುರದ ಕೆಲ್ಸದಲ್ಲವ್ರೆ.”

ಆ ಕಡೆಯಿಂದ ಉದಯಕುಮಾರರ ಕೂಗು.

“ಇಳ್ದು ಬರಕ್ಕೆ ಯೋಳ್ಬೇಕಾ?” ಸವರಿಯಪ್ಪ ಬಾವಿಯೊಳಗೆ ಇಣುಕಿ, ಕಲ್ಲು ಕೂತಿತೇ ಇಲ್ಲವೇ ಎಂದು ನೋಡಿ, ಮತ್ತೆ ಫೋನು ಕಿವಿಗಿಟ್ಟುಕೊಂಡ. “ಇಳ್ಯಾದಲ್ಲ ಸಾ, ಮೇಲಕ್ಕೆ ಅತ್ಕೊಂಡು ಬರ್ಬೇಕು. ಒಸಿ ಒತ್ತಾಯ್ತದೆ.”